ಗಡಿಯಾರ 7:26ಕ್ಕೆ ನಿಂತ ಊರು: 1966ರ ಫ್ಲಾರೆನ್ಸ್ ಪ್ರವಾಹದಲ್ಲಿ ಸುದ್ದಿ ಯಾರಿಗೆ ಮೊದಲು ಮುಟ್ಟಿತು?

ಇವತ್ತು ಇಟಲಿಗೆ ಹೋಗೋಣ.

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನೀವು ಪರದೇಶದ ಒಂದು ಊರಲ್ಲಿದ್ದೀರಿ. ಭಾಷೆ ಅರ್ಧಂಬರ್ಧ ಬರುತ್ತೆ, ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ. ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಕೆಳಗೆ ರಸ್ತೆಯೇ ಇಲ್ಲ, ಕಂದು ಬಣ್ಣದ ನೀರು ಹರೀತಾ ಇದೆ. ಕರೆಂಟ್ ಇಲ್ಲ, ನಲ್ಲಿಯಲ್ಲಿ ನೀರಿಲ್ಲ, ಫೋನ್ ಸತ್ತಿದೆ. ಈ ನೀರು ಬರುತ್ತೆ ಅಂತ ಊರಲ್ಲಿ ಯಾರಿಗಾದರೂ ಮೊದಲೇ ಗೊತ್ತಿತ್ತಾ? ಗೊತ್ತಿದ್ದರೆ ನಿಮಗೆ ಯಾಕೆ ಹೇಳಲಿಲ್ಲ?

1966ರ ನವೆಂಬರ್ 4ರಂದು ಫ್ಲಾರೆನ್ಸ್ ನಗರದಲ್ಲಿ ನಡೆದದ್ದು ಇದೇ. ಅವತ್ತು ಅಲ್ಲಿದ್ದವರಲ್ಲಿ ಊರಿನವರೂ ಇದ್ದರು, ಓದಲು ಬಂದ ವಿದೇಶಿ ವಿದ್ಯಾರ್ಥಿಗಳೂ ಇದ್ದರು. ಇತಿಹಾಸದ ಪುಸ್ತಕಗಳಲ್ಲಿ ಈ ಪ್ರವಾಹ ಬರೋದು ಹಾಳಾದ ಕಲಾಕೃತಿಗಳ ಲೆಕ್ಕದಲ್ಲಿ. ಆದರೆ ನನಗೆ ಇದರಲ್ಲಿ ಮುಖ್ಯ ಅನ್ನಿಸೋದು ಬೇರೆ: ಅಪಾಯದ ಸುದ್ದಿ ಊರೊಳಗೆ ಯಾವ ದಾರಿಯಲ್ಲಿ ಓಡಾಡುತ್ತೆ ಅನ್ನೋದು.

ಮೊದಲು ಜಾಗದ ಪರಿಚಯ. ಫ್ಲಾರೆನ್ಸ್ ನಗರದ ಮಧ್ಯದಲ್ಲಿ ಆರ್ನೊ ನದಿ ಹರಿಯುತ್ತೆ. ಬೇಸಿಗೆಯಲ್ಲಿ ನೋಡಿದರೆ, ಇದು ಊರು ಮುಳುಗಿಸೋ ನದಿಯಾ ಅಂತ ನಗು ಬರುತ್ತೆ, ಅಷ್ಟು ಸಣ್ಣ ಹರಿವು. ಆದರೆ 1333, 1557, 1844, ಹೀಗೆ ಅದು ಮತ್ತೆ ಮತ್ತೆ ಊರೊಳಗೆ ಬಂದಿದೆ. 1333ರ ಪ್ರವಾಹ ಬಂದದ್ದೂ ನವೆಂಬರ್ 4ರಂದೇ! ಆಗ ಪಾಂಟೆ ವೆಕ್ಕಿಯೊ, ಅಂದರೆ 'ಹಳೆ ಸೇತುವೆ', ಕೊಚ್ಚಿಕೊಂಡು ಹೋಯಿತು. ಈಗ ಫೋಟೋಗಳಲ್ಲಿ ನಾವು ನೋಡೋ ಸೇತುವೆ ಅದರ ನಂತರ, 1345ರಲ್ಲಿ ಕಟ್ಟಿ ಮುಗಿಸಿದ್ದು. ಅದರ ಮೇಲೆ ಇಂದಿಗೂ ಸಾಲಾಗಿ ಚಿನ್ನ-ಬೆಳ್ಳಿ ಅಂಗಡಿಗಳಿವೆ. ಆ ಅಂಗಡಿಗಳನ್ನು ನೆನಪಿಟ್ಟುಕೊಳ್ಳಿ.

1966ರ ನವೆಂಬರ್ ಶುರುವಿನಲ್ಲಿ ಟಸ್ಕನಿ ಪ್ರಾಂತ್ಯದ ಮೇಲೆ ಬಿಡದೆ ಮಳೆ ಸುರಿಯಿತು. ಆರ್ನೊ ನದಿಗೆ ಊರಿನ ಮೇಲ್ಭಾಗದಲ್ಲಿ ಲಾ ಪೆನ್ನಾ ಮತ್ತು ಲೆವಾನೆ ಅನ್ನೋ ಎರಡು ಅಣೆಕಟ್ಟುಗಳಿವೆ. 1950ರ ದಶಕದಲ್ಲಿ ಕಟ್ಟಿದ ಇವುಗಳ ಕೆಲಸ ವಿದ್ಯುತ್ ಉತ್ಪಾದನೆ, ಪ್ರವಾಹ ತಡೆಯೋದಲ್ಲ. ಮೂರನೇ ತಾರೀಖು ರಾತ್ರಿ ನೀರು ಏರಿದಂತೆ ಅವುಗಳಿಂದ ಭಾರೀ ಪ್ರಮಾಣದಲ್ಲಿ ನೀರು ಕೆಳಗೆ ಬಂತು. ಅಣೆಕಟ್ಟಿನ ಪಾತ್ರ ಎಷ್ಟು, ಮಳೆಯ ಪಾತ್ರ ಎಷ್ಟು ಅನ್ನೋ ವಾದ ಆಮೇಲೂ ಬಹಳ ಕಾಲ ನಡೆಯಿತು. ಅದು ಏನೇ ಇರಲಿ, ಮೇಲಿನ ಹಳ್ಳಿಗಳಿಂದ ಸಹಾಯಕ್ಕಾಗಿ ಕರೆಗಳು ಬರುತ್ತಿದ್ದವು. ನದಿ ಮಾಮೂಲಿನಂತಿಲ್ಲ ಅನ್ನೋದು ಅಧಿಕಾರಿಗಳಿಗೆ ಗೊತ್ತಿತ್ತು.

ಊರಿಗೆ ಮಾತ್ರ ಗೊತ್ತಿರಲಿಲ್ಲ. ನವೆಂಬರ್ 4 ಇಟಲಿಯಲ್ಲಿ ಮೊದಲ ಮಹಾಯುದ್ಧದ ವಿಜಯದ ನೆನಪಿನ ದಿನ, ಆಗ ಸಾರ್ವಜನಿಕ ರಜೆ. ಬೆಳಿಗ್ಗೆ ಬೇಗ ಏಳೋ ಗಡಿಬಿಡಿ ಇಲ್ಲ ಅಂತ ಜನ ಮಲಗಿದ್ದರು. ಸೈರನ್ ಕೂಗಲಿಲ್ಲ, ಊರಿಗೆಲ್ಲ ಕೇಳಿಸುವಂಥ ಎಚ್ಚರಿಕೆ ಬರಲಿಲ್ಲ.

ಆದರೆ ಒಂದು ಗುಂಪಿಗೆ ಸುದ್ದಿ ಮುಟ್ಟಿತ್ತು. ಪಾಂಟೆ ವೆಕ್ಕಿಯೊ ಮೇಲೆ ರಾತ್ರಿ ಕಾವಲು ಕಾಯೋ ಕಾವಲುಗಾರ ಸೇತುವೆ ನಡುಗೋದನ್ನ ಗಮನಿಸಿದ. ರಾತ್ರಿ 1 ಗಂಟೆ ಸುಮಾರಿಗೆ ಅಂಗಡಿ ಮಾಲೀಕರ ಮನೆಗಳಿಗೆ ಫೋನ್ ಮಾಡಿದ. ಅವರು ಕಾರು ತಗೊಂಡು ಬಂದು, ಕತ್ತಲಲ್ಲಿ ಚಿನ್ನ ತುಂಬಿಕೊಂಡು ಹೋದರು. ಅದೇ ಹೊತ್ತಿಗೆ, ಸ್ವಲ್ಪವೇ ದೂರದ ಸಾಂತಾ ಕ್ರೋಚೆ ಬಡಾವಣೆಯಲ್ಲಿ, ನೆಲಮಹಡಿಯ ಮನೆಗಳಲ್ಲಿ ಬಡವರು ನಿದ್ದೆ ಮಾಡ್ತಿದ್ದರು.

ಕಾವಲುಗಾರನದು ತಪ್ಪಾ? ಖಂಡಿತ ಅಲ್ಲ. ಅವನು ತನ್ನ ಕೆಲಸವನ್ನು ಚೆನ್ನಾಗೇ ಮಾಡಿದ. ಅವನ ಹತ್ತಿರ ನಂಬರುಗಳಿದ್ದವು, ಫೋನ್ ಮಾಡಿದ. ಉಳಿದ ಊರಿನ ನಂಬರು ಯಾರ ಹತ್ತಿರ ಇತ್ತು ಅನ್ನೋದೇ ಪ್ರಶ್ನೆ. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದರೆ ಮಾನಿಟರಿಂಗ್ ಇತ್ತು, ಡೇಟಾ ಇತ್ತು, ಅಲರ್ಟ್ ಕಳಿಸಬೇಕಾದವರ ಪಟ್ಟಿಯಲ್ಲಿ ಜನರೇ ಇರಲಿಲ್ಲ.

ಬೆಳಿಗ್ಗೆ 7:26ಕ್ಕೆ ಕರೆಂಟ್ ಹೋಯಿತು. ಊರಿನ ವಿದ್ಯುತ್ ಗಡಿಯಾರಗಳೆಲ್ಲ ಅದೇ ಸಮಯ ತೋರಿಸ್ತಾ ನಿಂತುಬಿಟ್ಟವು. 9 ಗಂಟೆ ಹೊತ್ತಿಗೆ ಆಸ್ಪತ್ರೆಗಳ ಜನರೇಟರ್‌ಗಳೂ ಕೈಕೊಟ್ಟವು. 10 ಗಂಟೆಯೊಳಗೆ ನಗರದ ದೊಡ್ಡ ಚರ್ಚಿನ ಚೌಕಕ್ಕೂ ನೀರು ಬಂತು. ಚಳಿಗಾಲಕ್ಕೆ ಅಂತ ಮನೆಗಳ ನೆಲಮಾಳಿಗೆಯಲ್ಲಿ ಹೀಟರ್ ಎಣ್ಣೆಯ ಟ್ಯಾಂಕ್ ತುಂಬಿಸಿಟ್ಟಿದ್ದರು. ಅವು ಒಡೆದು ಎಣ್ಣೆ, ಕೆಸರು, ಚರಂಡಿ ಎಲ್ಲ ಒಂದಾಯಿತು. ಸಾಂತಾ ಕ್ರೋಚೆ ಭಾಗದಲ್ಲಿ ನೀರು 6.7 ಮೀಟರ್ ಮುಟ್ಟಿತು, ಅಂದರೆ ಎರಡನೇ ಮಹಡಿಯ ಎತ್ತರ. ರೋಮ್‌ನಲ್ಲಿದ್ದವರಿಗೆ ಇದು ಎಷ್ಟು ದೊಡ್ಡದು ಅನ್ನೋ ಅಂದಾಜೇ ಸಿಗಲಿಲ್ಲ. ಆಗ ಮಾರ್ಚೆಲ್ಲೊ ಜನ್ನೀನಿ ಅನ್ನೋ ರೇಡಿಯೋ ವರದಿಗಾರ ಮೈಕನ್ನು ಕಿಟಕಿಯಿಂದ ಹೊರಗೆ ಇಳಿಬಿಟ್ಟು, ನೀವು ಕೇಳ್ತಿರೋದು ನದಿಯ ಸದ್ದಲ್ಲ, ನಗರದ ರಸ್ತೆಯ ಸದ್ದು ಅಂತ ಹೇಳಬೇಕಾಯಿತು. ಪೂರ್ತಿ ಊರು ಮುಳುಗಿದೆ ಅಂತ ನಂಬಿಸೋಕೆ ನೀರಿನ ಸದ್ದನ್ನೇ ಕೇಳಿಸಬೇಕಾಯಿತು, ಯೋಚನೆ ಮಾಡಿ.

ನಗರ ಮತ್ತು ಸುತ್ತಲಿನ ಪ್ರಾಂತ್ಯ ಸೇರಿ ಸತ್ತವರು 35 ಜನ. ರಜೆ ಇದ್ದದ್ದರಿಂದ ರಸ್ತೆಗಳಲ್ಲಿ ಜನ ಕಮ್ಮಿ ಇದ್ದರು. ಇಲ್ಲದಿದ್ದರೆ ಈ ಸಂಖ್ಯೆ ಎಲ್ಲಿಗೆ ಹೋಗ್ತಿತ್ತೋ!

ಮುಂಬೈ, ಚೆನ್ನೈಯಲ್ಲಿ ಕೂತು ಇದನ್ನು ಓದೋರಿಗೆ ಇದು ದೂರದ ಕಥೆ ಅನ್ನಿಸೋದಿಲ್ಲ ಅಂದುಕೊಳ್ತೀನಿ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಂತು. ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಂದದ್ದು 75 ಮಿಲಿಮೀಟರಿಗಿಂತಲೂ ಕಮ್ಮಿ. ದಕ್ಷಿಣದ ಆಫೀಸಿನಲ್ಲಿ ಕೂತವರಿಗೆ ಉತ್ತರದಲ್ಲಿ ಏನಾಗ್ತಿದೆ ಅನ್ನೋದು ಹೇಗೆ ತಿಳಿಯಬೇಕು? ಎಂದಿನ ಹಾಗೆ ಮನೆಗೆ ಹೊರಟು ದಾರಿಯಲ್ಲಿ ಸಿಕ್ಕಿಹಾಕಿಕೊಂಡವರು ಲೆಕ್ಕವಿಲ್ಲದಷ್ಟು. 2015ರ ಡಿಸೆಂಬರ್‌ನಲ್ಲಿ ಚೆನ್ನೈಯ ಚೆಂಬರಂಬಾಕ್ಕಂ ಕೆರೆಯಿಂದ ಅಡ್ಯಾರ್ ನದಿಗೆ ನೀರು ಬಿಟ್ಟ ರೀತಿಯ ಬಗ್ಗೆಯೂ ಇದೇ ಜಗಳ, ಸಿಎಜಿ ವರದಿ ಕೂಡ ಅದನ್ನು ಟೀಕಿಸಿತು. ಅಲ್ಲೂ ಪ್ರಶ್ನೆ ಅದೇ: ಗೇಟಿನ ಹತ್ತಿರ ಇರೋರಿಗೆ ಗೊತ್ತಿರೋದು ನದಿ ದಡದಲ್ಲಿ ಬಾಡಿಗೆಗೆ ಇರೋರಿಗೆ ಎಷ್ಟು ಹೊತ್ತಿಗೆ ತಲುಪುತ್ತೆ?

ಹೊರಗಿನಿಂದ ಬಂದವರ ಕಷ್ಟ ಇದರ ಮೇಲೆ ಇನ್ನೊಂದು ಪದರ. ಎಚ್ಚರಿಕೆ ಅಧಿಕೃತವಾಗಿ ಬರದಿದ್ದಾಗ ಸುದ್ದಿ ಓಡೋದು ಪರಿಚಯದ ದಾರಿಯಲ್ಲಿ. ಹಾಲಿನವನು, ಕಿರಾಣಿ ಅಂಗಡಿಯವರು, ಎದುರುಮನೆ ಅಜ್ಜಿ, ಯಾರದೋ ಭಾವಮೈದ. ಆ ಸರಪಳಿಯಲ್ಲಿ ಹೊಸಬರು ಕೊನೆಯ ಕೊಂಡಿ.

ಈಗ ಫ್ಲಾರೆನ್ಸ್ ಕಥೆಯ ಎರಡನೇ ಅರ್ಧಕ್ಕೆ ಬರೋಣ. ನಾಲ್ಕನೇ ತಾರೀಖು ರಾತ್ರಿ ನೀರು ಇಳಿಯಲು ಶುರುವಾಯಿತು. ಉಳಿದದ್ದು ಸುಮಾರು 6 ಲಕ್ಷ ಟನ್ ಕೆಸರು ಮತ್ತು ಅವಶೇಷ. ನದಿ ದಡದಲ್ಲೇ ಇರೋ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸುಮಾರು 13 ಲಕ್ಷ ಪುಸ್ತಕ, ಪತ್ರಿಕೆ, ನಕ್ಷೆಗಳು ಹಾಳಾದವು. ಅದು ಅವರ ಸಂಗ್ರಹದ ಮೂರನೇ ಒಂದು ಭಾಗ. ಬ್ಯಾಪ್ಟಿಸ್ಟರಿಯ ಬಾಗಿಲಿನಲ್ಲಿದ್ದ ಗಿಬೆರ್ಟಿಯ 10 ಕಂಚಿನ ಫಲಕಗಳಲ್ಲಿ 5 ಕಿತ್ತುಬಂದವು. ಸಾಂತಾ ಕ್ರೋಚೆಯಲ್ಲಿದ್ದ ಚಿಮಾಬೂಯೆಯ ಶಿಲುಬೆ ಚಿತ್ರದ ಬಣ್ಣ ಬಹುಪಾಲು ಉದುರಿಹೋಯಿತು.

ಸರ್ಕಾರದ ಸಹಾಯ ಬರೋದು ತಡವಾಯಿತು. ಕೆಸರಿಗೆ ಮೊದಲು ಇಳಿದವರಲ್ಲಿ ಊರಲ್ಲೇ ಸಿಕ್ಕಿಹಾಕಿಕೊಂಡಿದ್ದ ವಿದ್ಯಾರ್ಥಿಗಳಿದ್ದರು, ಇಟಲಿಯವರೂ ಹೊರಗಿನವರೂ. ಅಮೆರಿಕದ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿ ಫ್ಲಾರೆನ್ಸ್‌ನಲ್ಲಿ ತನ್ನ ಓದಿನ ಕಾರ್ಯಕ್ರಮ ಶುರು ಮಾಡಿದ್ದೇ ಆ ವರ್ಷ. ಆ ಮೊದಲ ತಂಡದ ಹುಡುಗ ಹುಡುಗಿಯರೂ ಕೆಸರಿಗೆ ಇಳಿದರು. ಗ್ರಂಥಾಲಯದ ನಿರ್ದೇಶಕ ಎಮಾನುಎಲೆ ಕಸಮಾಸ್ಸಿಮಾ ಅವರ ಉಸ್ತುವಾರಿಯಲ್ಲಿ ನೆಲಮಾಳಿಗೆಯಿಂದ ಮೇಲಿನವರೆಗೆ ಸಾಲಾಗಿ ನಿಂತು, ಎಣ್ಣೆ ಮೆತ್ತಿದ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿದರು. ದಿನಗಟ್ಟಲೆ ಇದೇ ಕೆಲಸ. ಆಮೇಲೆ ಬೇರೆ ಬೇರೆ ದೇಶಗಳಿಂದ ಇನ್ನಷ್ಟು ಯುವಕರು ರೈಲು ಹತ್ತಿ ಬಂದರು. ಇವರಿಗೆಲ್ಲ 'ಕೆಸರಿನ ದೇವತೆಗಳು' ಅನ್ನೋ ಹೆಸರು ಬಂತು.

ಒದ್ದೆ ಪುಸ್ತಕಗಳಿಗೆ ಮರದ ಹೊಟ್ಟು ಉದುರಿಸಿ, ಲಾರಿಗಳಲ್ಲಿ ತುಂಬಿ, ತಂಬಾಕು ಒಣಗಿಸೋ ಗೂಡುಗಳಿಗೆ ಸಾಗಿಸಿದರು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ 'ಬ್ಯಾರನ್' ಅಂತಾರಲ್ಲ, ಅಂಥವು. ಕೆಲವನ್ನು ರೈಲು ನಿಲ್ದಾಣದ ಬಾಯ್ಲರ್ ಕೋಣೆಯಲ್ಲಿ ಒಣಗಿಸಿದರು. ಬ್ರಿಟನ್‌ನಿಂದ ಬಂದ ಪೀಟರ್ ವಾಟರ್ಸ್ ಮುಂತಾದವರು ಅಲ್ಲಿ ಕಟ್ಟಿದ ಪದ್ಧತಿಗಳೇ ಮುಂದೆ ಪುಸ್ತಕ ಸಂರಕ್ಷಣೆ ಅನ್ನೋ ವೃತ್ತಿಗೆ ಬುನಾದಿಯಾದವು. ಕೆಲಸ ಎಷ್ಟು ಉದ್ದ ಹೋಯಿತು ಅಂದರೆ, ನೀರಲ್ಲಿ 12 ಗಂಟೆಗೂ ಹೆಚ್ಚು ಮುಳುಗಿದ್ದ ವಸಾರಿಯ 'ಕೊನೆಯ ಭೋಜನ' ಚಿತ್ರ ದುರಸ್ತಿಯಾಗಿ ಮತ್ತೆ ಸಾಂತಾ ಕ್ರೋಚೆಗೆ ಬಂದದ್ದು 2016ರಲ್ಲಿ. ಭರ್ತಿ 50 ವರ್ಷ!

ಗಮನಿಸಿ, ಎಚ್ಚರಿಕೆಯ ಸರಪಳಿಯಲ್ಲಿ ಜಾಗವೇ ಇಲ್ಲದಿದ್ದ ಹೊಸಬರು ಕೆಲಸದ ಸರಪಳಿಯಲ್ಲಿ ಊರಿನವರ ಪಕ್ಕದಲ್ಲೇ ನಿಂತರು. ಪುಸ್ತಕ ಕೈಗೆ ಬಂದಾಗ ನಿನ್ನ ಊರು ಯಾವುದು ಅಂತ ಯಾರೂ ಕೇಳಲಿಲ್ಲ. ಇದನ್ನು ಎಲ್ಲರೂ ಹೊಗಳ್ತಾರೆ, ಹೊಗಳಲೇಬೇಕು. ಆದರೆ ಈ ಹೊಗಳಿಕೆಯಲ್ಲಿ ಮೊದಲ ರಾತ್ರಿಯ ಪ್ರಶ್ನೆ ಮುಚ್ಚಿಹೋಗಬಾರದು. ಎಚ್ಚರಿಕೆ ಕೊಡದ ವ್ಯವಸ್ಥೆಯ ಖರ್ಚನ್ನು ಜನರ ಒಳ್ಳೆಯತನ ತೀರಿಸಿತು, ಅಷ್ಟೆ.

ವ್ಯವಸ್ಥೆ ಸರಿಮಾಡೋದು ಸಾಧ್ಯವಿತ್ತಾ? ಹೈದರಾಬಾದ್‌ನಲ್ಲಿರೋ ಕನ್ನಡಿಗರು ಈ ಉತ್ತರವನ್ನ ದಿನಾ ನೋಡ್ತಾರೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮುಂಬೈ ಪ್ರಾಂತ್ಯದ ಕೆಲಸದಿಂದ ನಿವೃತ್ತರಾಗಿ ವಿದೇಶ ಪ್ರವಾಸದಲ್ಲಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ನಿಜಾಮ್ ಸರ್ಕಾರದಿಂದ ಕರೆ ಹೋಯಿತು. ನದಿಯ ಮೇಲ್ಭಾಗದಲ್ಲೇ ಪ್ರವಾಹದ ನೀರನ್ನು ಹಿಡಿದಿಡೋ ಜಲಾಶಯ ಬೇಕು ಅನ್ನೋದು ಅವರ ಯೋಜನೆ. 1920ಕ್ಕೆ ಉಸ್ಮಾನ್ ಸಾಗರ, 1927ಕ್ಕೆ ಹಿಮಾಯತ್ ಸಾಗರ ಎದ್ದವು. ಆರ್ನೊ ನದಿಯ ಉಪನದಿ ಸಿಯೇವೆಗೆ ಬಿಲಾಂಚೀನೊ ಅಣೆಕಟ್ಟು ಮುಗಿದದ್ದು 1990ರ ದಶಕದ ಕೊನೆಗೆ, ಪ್ರವಾಹವಾಗಿ 30 ವರ್ಷ ದಾಟಿದ ಮೇಲೆ. ಆದರೆ ಅಣೆಕಟ್ಟು ಅರ್ಧ ಉತ್ತರ ಮಾತ್ರ. ಅದರ ಗೇಟು ತೆರೆಯೋ ಹೊತ್ತಿಗೆ ಕೆಳಗಿನವರಿಗೆ ತಿಳಿಸೋದು ಇನ್ನರ್ಧ.

ಮುಂದೆ ಯಾವಾಗಲಾದರೂ ಫ್ಲಾರೆನ್ಸ್‌ಗೆ ಹೋದರೆ ಉಫ್ಫಿಝಿ ಮ್ಯೂಸಿಯಂ ಹಿಂದಿನ ವಿಯಾ ದೇಯಿ ನೇರಿ ರಸ್ತೆಯಲ್ಲಿ ನಡೆಯಿರಿ. ವಿಯಾ ಸಾನ್ ರೆಮೀಜಿಯೊ ಸೇರೋ ಮೂಲೆಯ ಗೋಡೆಯಲ್ಲಿ ಎರಡು ಕಲ್ಲು ಫಲಕಗಳಿವೆ. ಒಂದು 1333ರ ನೀರಿನ ಮಟ್ಟ, ಅದರ ಮೇಲೆ 1966ರದ್ದು. ಹಳೇ ಫಲಕದಲ್ಲಿ ನೀರಿನ ಗೆರೆಯನ್ನು ತೋರಿಸೋ ಒಂದು ಕೈ ಕೆತ್ತಿದೆ. ಓದಲು ಬರದವನಿಗೂ, ಆ ಭಾಷೆ ಗೊತ್ತಿಲ್ಲದವನಿಗೂ ಅದು ಅರ್ಥವಾಗುತ್ತೆ: ನೀರು ಇಲ್ಲಿವರೆಗೆ ಬಂದಿತ್ತು.

ನೀವಿರೋ ಊರಲ್ಲಿ ಅಂಥ ಗೆರೆ ಎಲ್ಲಿದೆ ಅಂತ ಹಳಬರೊಬ್ಬರನ್ನು ಈ ವಾರ ಕೇಳಿ ನೋಡಿ. ಕೇಳೋ ನೆಪದಲ್ಲಿ ಅವರ ನಂಬರನ್ನೂ ತಗೊಳ್ಳಿ, ನಿಮ್ಮದನ್ನೂ ಕೊಡಿ. ಮತ್ತೆ ಸಿಗೋಣ.