ಹಾಡು ತುಂಬಿದ ಕಪಾಟು

ಏನಾದರೂ ಕೂಡಿಡುವ ಚಟ ಹೆಂಗಸರಿಗೇ ಹೆಚ್ಚು ಎಂದು ನಮ್ಮನ್ನು ಆಡಿಕೊಳ್ಳುವುದುಂಟು. ಅಟ್ಟದ ಮೇಲಿನ ಹಿತ್ತಾಳೆ ಹಂಡೆ, ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿರುವ ಮದುವೆಯ ಸೀರೆ, ಡಬ್ಬದ ತುಂಬ ಒಂಟಿ ಗುಂಡಿಗಳು, ಇವೆಲ್ಲ ಆ ಮಾತಿಗೆ ಸಾಕ್ಷಿ. ಆದರೆ ಗಂಡಸರು ಕೂಡಿಟ್ಟರೆ ಅದು ಹವ್ಯಾಸ, ನಾವು ಕೂಡಿಟ್ಟರೆ ಗುಜರಿ. ಗಂಡಸರ ಇಂಥ ಹವ್ಯಾಸಗಳಲ್ಲಿ ಬಹು ಹಳೆಯದು, ಬಹು ಖರ್ಚಿನದು, ಮನೆಯ ಒಂದು ಗೋಡೆಯನ್ನೇ ನುಂಗುವಂಥದು ಹಾಡಿನ ತಟ್ಟೆಗಳ ಸಂಗ್ರಹ. ಅದರ ಕಥೆ ಸುಮಾರು ನೂರಿಪ್ಪತ್ತು ವರ್ಷದ್ದು. ಆ ಕಥೆಯಲ್ಲಿ ನಮ್ಮ ಮೈಸೂರಿಗೂ ಒಂದು ಒಳ್ಳೆಯ ಅಧ್ಯಾಯವಿದೆ.

ಮೊದಲ ಕಾಲದ ಗ್ರಾಮಫೋನ್ ಪ್ಲೇಟಿನ ಜೀವಾಳ ಅರಗು. ನಮ್ಮ ಅಜ್ಜಿಯರು ತೊಟ್ಟ ಅರಗಿನ ಬಳೆ, ಪಾಂಡವರನ್ನು ಸುಡಲು ದುರ್ಯೋಧನ ಕಟ್ಟಿಸಿದ ಅರಗಿನ ಮನೆ, ಎಲ್ಲ ಅದೇ ಅರಗು. ಮರದ ಕೊಂಬೆಯ ಮೇಲೆ ಪುಟ್ಟ ಹುಳು ಸುರಿಸುವ ಈ ಅಂಟನ್ನು ನಮ್ಮ ದೇಶದ ಪೂರ್ವಭಾಗದ ಕಾಡುಗಳಿಂದ ಹಡಗಿಗೆ ತುಂಬಿ ಕಳಿಸುತ್ತಿದ್ದರು. ಅದಕ್ಕೆ ಕಲ್ಲುಪುಡಿ, ಕಪ್ಪು ಮಸಿ ಸೇರಿಸಿ ಅಚ್ಚೊತ್ತಿದರೆ ಪ್ಲೇಟು ಸಿದ್ಧ. ಎರಡನೆಯ ಮಹಾಯುದ್ಧದಲ್ಲಿ ಅರಗಿನ ಸಾಗಣೆ ಕಷ್ಟವಾದಾಗ ಅಮೆರಿಕದಲ್ಲಿ ಹೊಸ ಪ್ಲೇಟುಗಳಿಗೇ ಬರ ಬಂತು. ಹಳೆಯ ಪ್ಲೇಟುಗಳನ್ನು ಕರಗಿಸಿ ಹೊಸದು ಮಾಡಬೇಕಾಯಿತು. ಹೀಗೆ ಕರಗಿಹೋದ ಹಾಡುಗಳೆಷ್ಟೋ!

ನಮ್ಮಲ್ಲಿ ಈ ಪ್ಲೇಟಿಗೆ ಧೈರ್ಯವಾಗಿ ದನಿ ಕೊಟ್ಟವರು ಹೆಚ್ಚಾಗಿ ಹೆಂಗಸರು ಎಂಬುದನ್ನು ಮರೆಯಬಾರದು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದವನು ಲಂಡನ್ನಿನ ಕಂಪನಿಯ ಪರವಾಗಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ದೊಡ್ಡ ದೊಡ್ಡ ಉಸ್ತಾದರಲ್ಲಿ ಹಲವರು ಯಂತ್ರಕ್ಕೆ ಹೆದರಿಯೋ, ವಿದ್ಯೆ ಬೀದಿಪಾಲಾದೀತೆಂದೋ ಹಿಂಜರಿದರು. ಗೌಹರ್ ಜಾನ್ ಹಿಂಜರಿಯಲಿಲ್ಲ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿ ಹಾಡುವುದನ್ನು ಕಲಿತರು. ಆಗ ಇಲ್ಲಿ ಕಾರ್ಖಾನೆಯಿರಲಿಲ್ಲ. ಪ್ಲೇಟಿನ ಅಚ್ಚು ಜರ್ಮನಿಯ ಹ್ಯಾನೋವರಿನಲ್ಲಿ ಆಗಬೇಕು. ಅಲ್ಲಿಯವರಿಗೆ ಗುರುತು ಸಿಗಲೆಂದು ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಮುಗಿಸುತ್ತಿದ್ದರು. ಕಲ್ಕತ್ತೆಯಲ್ಲೇ ಕಾರ್ಖಾನೆ ಬಂದದ್ದು 1908ರಲ್ಲಿ.

ಹಣ, ಹೆಸರು, ಕೋರ್ಟು, ಮೋಸ ಎಲ್ಲವನ್ನೂ ಕಂಡ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲೇ ಕಣ್ಣು ಮುಚ್ಚಿದರು. ಅವರ ಐಶ್ವರ್ಯವೆಲ್ಲ ಅವರಿಗಿಂತ ಮೊದಲೇ ಕರಗಿತ್ತು. ಉಳಿದದ್ದು ಪ್ಲೇಟುಗಳು. ಅವನ್ನು ಚೋರ್ ಬಜಾರಿನ ಧೂಳಿನಿಂದ ಎತ್ತಿ ತಂದು, ತೊಳೆದು, ಕಾಗದದ ಚೀಲದಲ್ಲಿ ನಿಲ್ಲಿಸಿಟ್ಟ ಹುಚ್ಚರಿದ್ದರಲ್ಲ, ಅವರಿಂದಾಗಿ ನಾವು ಇಂದು ಆ ದನಿ ಕೇಳುತ್ತೇವೆ.

ಈಗ ಮೈಸೂರಿನ ಅಧ್ಯಾಯಕ್ಕೆ ಬರೋಣ. ಜಯಚಾಮರಾಜ ಒಡೆಯರು ಹುಟ್ಟಿದ್ದು 1919ರಲ್ಲಿ. ಕಚೇರಿಯಲ್ಲಿ ಪಿಯಾನೊ ನುಡಿಸುವ ಕಲಾವಿದನಾಗಬೇಕೆಂಬುದು ಅವರ ಎಳೆಯ ದಿನಗಳ ಕನಸು. 1940ರಲ್ಲಿ ತಂದೆ ತೀರಿಕೊಂಡರು, ಅದೇ ವರ್ಷ ದೊಡ್ಡಪ್ಪ ನಾಲ್ವಡಿಯವರೂ ತೀರಿಕೊಂಡರು. ಇಪ್ಪತ್ತೊಂದರ ಹುಡುಗನ ತಲೆಗೆ ಪೇಟ ಬಂತು, ಪಿಯಾನೊ ಹಿಂದೆ ಸರಿಯಿತು. ನುಡಿಸುವ ಆಸೆ ಕೇಳುವ ಆಸೆಯಾಗಿ ಉಳಿಯಿತು. ಅವರನ್ನು ಕಾಣಲು ಮೈಸೂರಿಗೆ ಬಂದ ಲಂಡನ್ನಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್, ಅರಸರ ಬಳಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪ್ಲೇಟುಗಳ ದೊಡ್ಡ ಸಂಗ್ರಹವಿತ್ತೆಂದೂ ಬಗೆಬಗೆಯ ಲೌಡ್‌ಸ್ಪೀಕರುಗಳೂ ದೊಡ್ಡ ಪಿಯಾನೊಗಳೂ ಇದ್ದವೆಂದೂ ಬೆರಗಿನಿಂದ ನೆನೆದಿದ್ದಾನೆ.

ಆದರೆ ಅರಸರು ಪೇಟೆಯಲ್ಲಿ ಸಿಕ್ಕಿದ್ದನ್ನು ಮಾತ್ರ ಕೊಂಡು ಸುಮ್ಮನಾದವರಲ್ಲ. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಗಾರ ಆಗ ಲಂಡನ್ನಿನಲ್ಲಿ ಬಡತನ ಮತ್ತು ಕಾಯಿಲೆಯಲ್ಲಿ ದಿನ ದೂಡುತ್ತಿದ್ದ. ಅವನ ಕೃತಿಗಳ ಪ್ಲೇಟು ಬೇಕೆಂದರೂ ಹೆಚ್ಚು ಸಿಗುತ್ತಿರಲಿಲ್ಲ. ಇಲ್ಲದಿದ್ದರೆ ಮಾಡಿಸೋಣ ಎಂದರು ಅರಸರು. ಅವರ ಹಣದಿಂದ ಮೆಟ್ನರ್ ಸೊಸೈಟಿ ಹುಟ್ಟಿತು. 1947ರಲ್ಲಿ ಆ ಮುದುಕ ಫಿಲ್‌ಹಾರ್ಮೋನಿಯ ವಾದ್ಯವೃಂದದ ಜೊತೆ ಕುಳಿತು ತನ್ನ ಪಿಯಾನೊ ಕಾನ್ಸರ್ಟೊಗಳನ್ನು ತಾನೇ ನುಡಿಸಿದ. ಮೂರನೆಯ ಕಾನ್ಸರ್ಟೊ ಮೈಸೂರಿನ ಮಹಾರಾಜರಿಗೆ ಅರ್ಪಿತ. 1951ರಲ್ಲಿ ಅವನು ತೀರಿಕೊಂಡ. ನಾಲ್ಕು ವರ್ಷ ತಡವಾಗಿದ್ದರೆ ಆ ಬೆರಳುಗಳು ನುಡಿಸಿದ ಈ ಕಾನ್ಸರ್ಟೊಗಳು ಯಾರಿಗೂ ಸಿಗುತ್ತಿರಲಿಲ್ಲ.

ಇನ್ನೊಂದು ಸಂಗತಿ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರಯೋಗ ನಡೆದದ್ದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ, 1950ರ ಮೇ 22ರಂದು. ಹಾಡಿದಾಕೆ ಕರ್ಸ್ಟನ್ ಫ್ಲಾಗ್‌ಸ್ಟಾಡ್. ಸ್ಟ್ರಾಸ್ ಹಿಂದಿನ ವರ್ಷವೇ ತೀರಿಕೊಂಡಿದ್ದ. ಹೋಗಲಾಗದ ನಮ್ಮ ಅರಸರು 4,800 ಡಾಲರಿನ ಭರವಸೆ ಕೊಟ್ಟು, ಆ ಸಂಜೆಯನ್ನು ತಟ್ಟೆಗಿಳಿಸಿ ಮೈಸೂರಿಗೆ ಕಳಿಸಬೇಕೆಂದರು. ಆ ಧ್ವನಿಮುದ್ರಣದಲ್ಲಿ ಕರಕರ ಸದ್ದೇ ಜಾಸ್ತಿ. ಆದರೂ ಅದು ಉಳಿದಿದೆ, ಇಂದಿಗೂ ಜನ ಕಿವಿಗೊಟ್ಟು ಕೇಳುತ್ತಾರೆ. ಸದ್ದು ಎಷ್ಟು ಶುದ್ಧ ಎಂಬುದೇ ಎಲ್ಲವೂ ಅಲ್ಲ ಎಂಬುದಕ್ಕೆ ಇದು ಸಾಕು.

ಆದರೆ ಶುದ್ಧ ಸದ್ದಿನ ಹಂಬಲವನ್ನು ತಳ್ಳಿಹಾಕುವಂತಿಲ್ಲ. ತಟ್ಟೆಯ ಇತಿಹಾಸವೆಲ್ಲ ಅದರದ್ದೇ. ಇಂಗ್ಲೆಂಡಿನ ಅಲನ್ ಬ್ಲುಮ್ಲೈನ್ ಎಂಬ ಎಂಜಿನಿಯರ್ ಒಮ್ಮೆ ಹೆಂಡತಿಯ ಜೊತೆ ಸಿನಿಮಾಕ್ಕೆ ಹೋಗಿದ್ದನಂತೆ. ತೆರೆಯ ಮೇಲೆ ನಟ ಒಂದು ಕಡೆ ನಿಂತಿದ್ದರೆ ಮಾತು ಇನ್ನೊಂದು ಕಡೆಯಿಂದ ಬರುತ್ತಿತ್ತು. ದನಿಯೂ ಮನುಷ್ಯನ ಹಿಂದೆಯೇ ನಡೆಯುವಂತೆ ಮಾಡುವ ದಾರಿ ತನಗೆ ಹೊಳೆದಿದೆ ಎಂದು ಹೆಂಡತಿಗೆ ಹೇಳಿದನಂತೆ. 1931ರಲ್ಲಿ ಅದಕ್ಕೆ ಪೇಟೆಂಟಿನ ಅರ್ಜಿ ಹಾಕಿದ. ನಾವು ಸ್ಟೀರಿಯೊ ಎನ್ನುವುದು ಇದನ್ನೇ. 1942ರಲ್ಲಿ ರೇಡಾರ್ ಪರೀಕ್ಷೆಗೆ ಹೊರಟ ವಿಮಾನ ಬಿದ್ದು, 38ನೆಯ ವಯಸ್ಸಿಗೇ ಅವನು ಸತ್ತ. ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದದ್ದು 1958ರ ಹೊತ್ತಿಗೆ. ಅಷ್ಟರಲ್ಲಿ 1948ರಲ್ಲೇ ಅಮೆರಿಕದ ಕೊಲಂಬಿಯಾ ಕಂಪನಿ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೀರಿ ಹಾಡುವ ಎಲ್‌ಪಿ ತಂದಿತ್ತು.

1970ರ ದಶಕದ ಆರಂಭದಲ್ಲಿ ಎರಡು ಸ್ಪೀಕರು ಸಾಲದು, ಕೋಣೆಯ ನಾಲ್ಕು ಮೂಲೆಗೂ ಬೇಕು ಎಂದರು. ಕೇಳುವವನು ಸಭಾಂಗಣದ ನಡುವೆ ಕುಳಿತಂತೆ ಅನಿಸಬೇಕೆಂಬ ಆಸೆ. ಆಸೆ ಒಳ್ಳೆಯದೇ. ಆದರೆ ಒಂದೊಂದು ಕಂಪನಿ ಒಂದೊಂದು ಪದ್ಧತಿ ತಂದಿತು, ಒಬ್ಬರ ತಟ್ಟೆ ಇನ್ನೊಬ್ಬರ ಯಂತ್ರದಲ್ಲಿ ಸರಿಯಾಗಿ ಹಾಡದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ದಶಕ ಮುಗಿಯುವುದರೊಳಗೆ ಅದೆಲ್ಲ ಮೂಲೆ ಸೇರಿತು.

1982ರಲ್ಲಿ ಸಿಡಿ ಬಂತು. ಕರಕರ ಹೋಯಿತು, ಮುಳ್ಳು ಸವೆಯುವ ಚಿಂತೆ ಹೋಯಿತು. ಸಿಡಿಯಲ್ಲಿ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದಿಡುತ್ತಾರೆ. ಅಷ್ಟೂ ಸಾಲದು ಎಂದವರಿಗಾಗಿ 1999ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸೇರಿ ಎಸ್‌ಎಸಿಡಿ ತಂದವು. ಇಲ್ಲಿ ಅಳತೆಯ ಕ್ರಮವೇ ಬೇರೆ. ಸೆಕೆಂಡಿಗೆ 28,22,400 ಸಲ ಸದ್ದು ಏರಿತೇ, ಇಳಿಯಿತೇ ಎಂದಷ್ಟೇ ಗುರುತು ಹಾಕುತ್ತಾರೆ. 2000ದಲ್ಲಿ ಎದುರಾಳಿಯಾಗಿ ಡಿವಿಡಿ ಆಡಿಯೊ ಬಂತು. ಮತ್ತೆ ಅದೇ ಹಳೆಯ ಜಗಳ. ಕೆಲವೇ ವರ್ಷಗಳಲ್ಲಿ ಡಿವಿಡಿ ಆಡಿಯೊ ಕಣ್ಮರೆಯಾಯಿತು. ಎಸ್‌ಎಸಿಡಿ ಮಾತ್ರ ಸಣ್ಣ ಹಣತೆಯ ಹಾಗೆ ಜಪಾನು, ಯುರೋಪುಗಳಲ್ಲಿ ಇನ್ನೂ ಉರಿಯುತ್ತಿದೆ.

ನನ್ನ ತಂಗಿಯ ಮಗನ ಕೈಗೆ ಸಿಕ್ಕಿಬಿದ್ದಿರುವುದು ಇದೇ ತಟ್ಟೆ. ಮುಂದೆ ಮೂರು, ಹಿಂದೆ ಎರಡು, ತಗ್ಗಿನ ಸದ್ದಿಗೆ ಬೇರೆ ಇನ್ನೊಂದು, ಹೀಗೆ ಆರು ಸ್ಪೀಕರುಗಳ ನಡುವೆ ಒಂದೇ ಒಂದು ಕುರ್ಚಿ. “ದೊಡ್ಡಮ್ಮ, ದಿವಾನಾ ಸರಿಸೋಕೂ ಅಪ್ಪಣೆ ಬೇಕು ನೋಡಿ” ಎಂದು ಅವನ ಹೆಂಡತಿ ನಗುತ್ತಾಳೆ. ಇಂಥದನ್ನು ಕೂಡಿಡುವುದಕ್ಕೂ ಒಂದು ವಿವೇಕ ಬೇಕೆಂದು ಅವನಿಂದಲೇ ತಿಳಿದೆ. ಹೈಬ್ರಿಡ್ ಎಂದಿರುವ ತಟ್ಟೆಯಲ್ಲಿ ಎರಡು ಪದರ, ಆದ್ದರಿಂದ ಸಾಮಾನ್ಯ ಸಿಡಿ ಯಂತ್ರದಲ್ಲೂ ಅದು ಹಾಡುತ್ತದೆ. ಬೆಲೆ ಹೆಚ್ಚೆಂದ ಮಾತ್ರಕ್ಕೆ ಎಲ್ಲದರಲ್ಲೂ ಸುತ್ತಲಿನ ಸದ್ದು ಇರುವುದಿಲ್ಲ, ಎಷ್ಟೋ ತಟ್ಟೆಗಳಲ್ಲಿ ಎರಡೇ ದಾರಿ. ಕೊಳ್ಳುವ ಮೊದಲು ಹಿಂಬದಿ ಓದಬೇಕು. ಎಲ್ಲಕ್ಕಿಂತ ಮುಖ್ಯ, ಮೂಲ ಧ್ವನಿಮುದ್ರಣ ಯಾವಾಗ, ಹೇಗೆ ಆಯಿತೆಂದು ನೋಡಬೇಕು. ಮೂಲವೇ ಸಿಡಿಯ ಮಟ್ಟದ್ದಾದರೆ ಹೊಸ ತಟ್ಟೆ ಹೆಚ್ಚಿನದನ್ನು ಎಲ್ಲಿಂದ ತರಬೇಕು? ನೀರು ಬೆರೆಸಿದ ಹಾಲನ್ನು ಬೆಳ್ಳಿ ಲೋಟಕ್ಕೆ ಹಾಕಿದರೆ ಹಾಲು ಗಟ್ಟಿಯಾಗುವುದಿಲ್ಲ.

ಆದರೆ ಮೂಲ ಚೆನ್ನಾಗಿದ್ದರೆ ಆಶ್ಚರ್ಯಗಳೇ ಕಾದಿವೆ. 1950ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯವರು ಅನೇಕ ವಾದ್ಯವೃಂದಗಳನ್ನು ಎಡ, ನಡು, ಬಲ ಎಂದು ಮೂರು ದಾರಿಯಲ್ಲಿ ಟೇಪಿಗೆ ತುಂಬಿಕೊಂಡರು. ಎಲ್‌ಪಿಗೆ ಎರಡೇ ದಾರಿ. ನಡುವಿನದನ್ನು ಆಚೀಚೆ ಹಂಚಿ ಮಾರಿದರು. ಸುಮಾರು ಅರ್ಧ ಶತಮಾನ ಕಳೆದು, 2004ರ ಹೊತ್ತಿಗೆ ಅವನ್ನು ಎಸ್‌ಎಸಿಡಿ ಮಾಡಿದಾಗ ಮೂರೂ ದಾರಿಗಳು ಮೂರು ಸ್ಪೀಕರುಗಳಿಂದ ಹೊರಟವು. ಹಾಲೆಂಡಿನ ಫಿಲಿಪ್ಸ್ 1970ರ ದಶಕದಲ್ಲಿ ನಾಲ್ಕು ದಾರಿಯಲ್ಲಿ ಮುದ್ರಿಸಿಕೊಂಡದ್ದೂ ಬಹುಪಾಲು ಎರಡೇ ದಾರಿಯಲ್ಲಿ ಹೊರಬಂದಿತ್ತು. 2001ರಲ್ಲಿ ಹುಟ್ಟಿದ ಪೆಂಟಾಟೋನ್ ಎಂಬ ಸಣ್ಣ ಸಂಸ್ಥೆ ಅವನ್ನು ನಾಲ್ಕು ದಾರಿಯಲ್ಲೇ ಕೇಳಿಸಿತು. ನುಡಿಸಿದವರಲ್ಲಿ ಎಷ್ಟೋ ಮಂದಿ ಅಷ್ಟರಲ್ಲಿ ಇರಲಿಲ್ಲ. ಯಾವ ತಟ್ಟೆಯಲ್ಲೂ ಹಿಡಿಸದ ಸದ್ದನ್ನು, ಮುಂದೆ ಯಾರಾದರೂ ಕೇಳಿಯಾರೆಂದು ಕಪಾಟಿನಲ್ಲಿ ಜೋಪಾನವಾಗಿ ಇಟ್ಟವರ ದೂರದೃಷ್ಟಿ ದೊಡ್ಡದು. ಮೊಮ್ಮಗಳ ಮದುವೆಗೆಂದು ಸೀರೆ ಎತ್ತಿಟ್ಟ ಅಜ್ಜಿಯ ಬುದ್ಧಿಯೂ ಇದೇ ಅಲ್ಲವೇ?

ನಮ್ಮ ಸಂಗೀತ ಈ ತಟ್ಟೆಗಳಲ್ಲಿ ಸಿಗುವುದು ಬಹಳ ಕಡಿಮೆ. ಸಿಕ್ಕಿದ್ದರಲ್ಲಿ ಒಂದು, ವಿಶ್ವಮೋಹನ ಭಟ್ಟರು ಅಮೆರಿಕದ ರೈ ಕೂಡರ್ ಜೊತೆ 1992ರಲ್ಲಿ ಕ್ಯಾಲಿಫೋರ್ನಿಯದ ಒಂದು ಪ್ರಾರ್ಥನಾಮಂದಿರದಲ್ಲಿ ನುಡಿಸಿದ ‘ಎ ಮೀಟಿಂಗ್ ಬೈ ದಿ ರಿವರ್’. ಅದಕ್ಕೆ 1994ರಲ್ಲಿ ಗ್ರ್ಯಾಮಿ ಬಂತು. ಅದನ್ನು ಮುದ್ರಿಸಲು ಮೈಕುಗಳನ್ನು ಜೋಡಿಸಿದ್ದು 1930ರ ದಶಕದ ಆ ಬ್ಲುಮ್ಲೈನನ ಕ್ರಮದಲ್ಲೇ. ಮುಂದೆ ಅದು ಎಸ್‌ಎಸಿಡಿಯಾಗಿಯೂ ಬಂತು. ಎರಡೇ ದಾರಿ, ಆದರೂ ತಂತಿಯ ಹಿಂದೆ ಆ ಮಂದಿರದ ಗಾಳಿಯೂ ಕೇಳುತ್ತದೆ.

ಇಷ್ಟೆಲ್ಲ ಅಂಕಿಗಳು ಕಿವಿಗೆ ನಿಜವಾಗಿ ಗೊತ್ತಾಗುತ್ತವೆಯೇ? ಅಮೆರಿಕದ ಇಬ್ಬರು ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಎಸ್‌ಎಸಿಡಿಯ ಸದ್ದನ್ನು ನೇರವಾಗಿ ಒಮ್ಮೆ, ಸಿಡಿಯ ಅಳತೆಗೆ ಇಳಿಸಿ ಇನ್ನೊಮ್ಮೆ ಕೇಳಿಸಿದಾಗ, ಸಾಮಾನ್ಯ ಮಟ್ಟದ ಸದ್ದಿನಲ್ಲಿ ಕೇಳುಗರು ಯಾವುದು ಯಾವುದೆಂದು ಹೇಳಲಾರದೆ ಹೋದರು. ಆದರೆ ಅವರೇ ಇನ್ನೊಂದು ಮಾತೂ ಹೇಳಿದರು. ಈ ತಟ್ಟೆಗಳು ಸಾಮಾನ್ಯ ಸಿಡಿಗಳಿಗಿಂತ ಚೆನ್ನಾಗಿ ಕೇಳುವುದು ನಿಜ. ಕಾರಣ ಅಂಕಿಯಲ್ಲ, ಅವನ್ನು ತಯಾರಿಸುವವರು ಹೆಚ್ಚು ಎಚ್ಚರ ವಹಿಸಿರುತ್ತಾರೆ. ಪಾಠ ಮಾಡುವವಳಾದ ನನಗೆ ಇದು ಅರ್ಥವಾಗುತ್ತದೆ. ಹೊಸ ಕಟ್ಟಡ, ಹೊಸ ಬೋರ್ಡು ಬಂದ ಮಾತ್ರಕ್ಕೆ ಮಕ್ಕಳಿಗೆ ಲೆಕ್ಕ ಬರುವುದಿಲ್ಲ. ಶ್ರದ್ಧೆಯಿಂದ ಹೇಳಿಕೊಡುವವರು ಬೇಕು.

ಇಂದು ಹಾಡು ಫೋನಿನೊಳಗೆ ಬರುತ್ತದೆ, ಕಪಾಟು ಯಾಕೆ ಎನ್ನುವವರಿದ್ದಾರೆ. ಫೋನಿನ ಹಾಡು ಬಾಡಿಗೆ ಮನೆಯಿದ್ದಂತೆ. ಮಾಲೀಕ ಬೇಡವೆಂದ ದಿನ ಅದು ನಮ್ಮದಲ್ಲ. ತಟ್ಟೆ ನಮ್ಮದು, ಅದನ್ನು ಉಳಿಸುವ ಹೊಣೆಯೂ ನಮ್ಮದು. ಯಂತ್ರಗಳು ಕೆಡುತ್ತವೆ, ಕಂಪನಿಗಳು ಜಗಳವಾಡುತ್ತವೆ. ಆದರೂ ಕರಗಿಸುವ ಒಲೆಯಿಂದ ತಪ್ಪಿಸಿಕೊಂಡ ಅರಗಿನ ಪ್ಲೇಟಿನಲ್ಲಿ ಗೌಹರ್ ಜಾನ್ ಇದ್ದಾರೆ, ಮೈಸೂರಿನ ಹಣದಿಂದ ಉಳಿದ ತಟ್ಟೆಯಲ್ಲಿ ಮೆಟ್ನರ್ ಇದ್ದಾನೆ. ಹಳೆಯ ಅಜ್ಜಂದಿರ ಪೆಟ್ಟಿಗೆಯನ್ನು ಗುಜರಿಯವನಿಗೆ ಕೊಡುವ ಮುನ್ನ, ಸಹೋದರಿಯರೇ, ಒಂದು ಗಳಿಗೆ ನಿಂತು ಮುಚ್ಚಳ ತೆಗೆದು ನೋಡಿ. ಧೂಳು ಹೊಡೆಯುವ ಕೈ ಹೇಗೂ ನಮ್ಮದೇ. ಒಳಗಿರುವ ದನಿ ಯಾರದೆಂದು ತಿಳಿದುಕೊಂಡು ಹೊಡೆದರೆ ಅದು ಇನ್ನೊಂದು ತಲೆಮಾರಿಗೆ ಉಳಿದೀತು.