ಶಾಖೆಗೊಬ್ಬರು ಎಂಬ ಲೆಕ್ಕ: ಚಿತ್ರದುರ್ಗ ಸೀಮೆಯ ಮಹಿಳಾ ಮತ್ತು ಪರಿಶಿಷ್ಟ ಉದ್ಯಮಿಗಳ ಬಂಡವಾಳ

ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ಸುಗ್ಗಿಯಲ್ಲಿ ಸುಲಿಯುವ ಕೈಗಳು ಬಹುಪಾಲು ಹೆಂಗಸರವು. ಹಸಿ ಕಾಯಿ ಸುಲಿದು ಅಳೆದುಕೊಟ್ಟಷ್ಟಕ್ಕೆ ಕೂಲಿ. ಬೇಯಿಸುವ ಹಂಡೆ, ಒಣಗಿಸುವ ಕಣ, ತೋಟಕ್ಕೆ ಕೊಡುವ ಮುಂಗಡ ಎಲ್ಲವೂ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರನವು. ಕಾಯಿಯ ಹದ ಬಲ್ಲ ಹೆಂಗಸು ತಾನೇ ಖೇಣಿ ಹಿಡಿಯದಂತೆ ತಡೆದಿರುವುದು ಆ ಮುಂಗಡದ ಹಣ. ಅದನ್ನು ಒದಗಿಸಬೇಕಾದ ಯೋಜನೆಗಳ ಲೆಕ್ಕಾಚಾರದಲ್ಲೇ ಎರಡು ಕೊರತೆಗಳಿವೆ ಎಂಬುದು ನನ್ನ ವಾದ.

ಮೊದಲನೆಯದು ಅಳತೆಗೋಲಿನದು. 2016ರ ಏಪ್ರಿಲ್ 5ರಂದು ಆರಂಭವಾದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆಯಲ್ಲಿ ಪ್ರತಿ ಬ್ಯಾಂಕ್ ಶಾಖೆ ಪರಿಶಿಷ್ಟ ಜಾತಿ ಅಥವಾ ಪಂಗಡದ ಕನಿಷ್ಠ ಒಬ್ಬರಿಗೆ, ಕನಿಷ್ಠ ಒಬ್ಬ ಮಹಿಳೆಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ಸಾಲ ನೀಡಬೇಕಿತ್ತು. ಶಾಖೆಯ ಸುತ್ತ ಯಾರು ಬದುಕಿದ್ದಾರೆ ಎಂಬುದನ್ನು ಈ ಗುರಿ ಕೇಳುತ್ತಿರಲಿಲ್ಲ. 2011ರ ಜನಗಣತಿಯಂತೆ ಪರಿಶಿಷ್ಟ ಜಾತಿ, ಪಂಗಡಗಳ ಪಾಲು ರಾಜ್ಯದಲ್ಲಿ ಶೇ 24ರಷ್ಟು. ಚಿತ್ರದುರ್ಗ ಜಿಲ್ಲೆಯಲ್ಲಿ ಶೇ 41ಕ್ಕೂ ಹೆಚ್ಚು. ಹಿರಿಯೂರಿನ ಶಾಖೆಗೂ ಕರಾವಳಿಯ ಶಾಖೆಗೂ ಒಂದೇ ಗುರಿ ಕೊಟ್ಟರೆ ಸಮಾನತೆ ಕಾಗದದಲ್ಲಷ್ಟೇ ಉಳಿಯುತ್ತದೆ. ಕಪ್ಪು ಜನರ ಬಡಾವಣೆಗಳಿಗೆ ಬ್ಯಾಂಕುಗಳು ಸಾಲ ನಿರಾಕರಿಸುತ್ತಿದ್ದ ಅಮೆರಿಕದಲ್ಲಿ 1977ರ ಕಾಯ್ದೆ, ಬ್ಯಾಂಕು ತಾನಿರುವ ಪ್ರದೇಶದ ಸಾಲದ ಅಗತ್ಯಕ್ಕೆ ಉತ್ತರ ಹೇಳಬೇಕೆಂದು ವಿಧಿಸಿತು. ನಮ್ಮಲ್ಲೂ ಬೇಕಾದದ್ದು ಅಂಥ ಹೊಣೆ.

ಎರಡನೆಯ ಕೊರತೆ ಸಾಲದ ಮೆಟ್ಟಿಲುಗಳ ನಡುವಿನ ಅಂತರದ್ದು, ಅದು ಹೆಚ್ಚು ನೋವಿನದು. ಹೊಳಲ್ಕೆರೆ ಭಾಗದಲ್ಲಿ ಮೈರಾಡ ಸಂಸ್ಥೆ ಹಿಂದೆಯೇ ಸ್ವಸಹಾಯ ಸಂಘಗಳನ್ನು ಕಟ್ಟಿತ್ತು. ನಬಾರ್ಡ್ 1992ರಲ್ಲಿ ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸಿತು. 2000–01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಉಳಿತಾಯ, ಮರುಪಾವತಿ, ಲೆಕ್ಕದ ಪುಸ್ತಕ ಎಲ್ಲವನ್ನೂ ಹೆಂಗಸರು ಕಲಿತರು. ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷದವರೆಗೆ ಸಾಲ, ಪರಿಶಿಷ್ಟ ಮಹಿಳೆಯರಿಗೆ ಅರ್ಧದಷ್ಟು ಸಹಾಯಧನವೂ ಉಂಟು. ಆದರೆ 3 ಲಕ್ಷದ ಮೆಟ್ಟಿಲಿನಿಂದ ಮುಂದಿನದು ಸ್ಟ್ಯಾಂಡ್ ಅಪ್‌ನ 10 ಲಕ್ಷಕ್ಕಿತ್ತು! ನಡುವೆ ಮುದ್ರಾ ಸಾಲ ಯೋಜನೆ ಇದೆ, ನಿಜ. ಮಹಿಳೆಯರಿಗೆ, ಪರಿಶಿಷ್ಟರಿಗೆ ಶಾಖೆಗೆ ಇಷ್ಟೆಂಬ ಕಟ್ಟುಪಾಡು ಅದರಲ್ಲಿಲ್ಲ. ಹೊಸದುರ್ಗದಲ್ಲಿ ಕೊಬ್ಬರಿ ಎಣ್ಣೆಯ ಗಾಣ ಹಾಕಬಯಸುವ ಸಂಘದ ಸದಸ್ಯೆ ನಿಲ್ಲುವುದು ಸರಿಯಾಗಿ ಈ ಜಾಗದಲ್ಲಿ. ಸ್ಟ್ಯಾಂಡ್ ಅಪ್ ಸಾಲಕ್ಕೆ ಯೋಜನಾ ವೆಚ್ಚದ ಕನಿಷ್ಠ ಶೇ 10 ಸ್ವಂತ ಹಣ ಬೇಕಿತ್ತು, ಅಂದರೆ ಒಂದು ಲಕ್ಷಕ್ಕೂ ಮೇಲೆ. ಜಮೀನಿನ ಪಹಣಿ ಗಂಡನ ಹೆಸರಿನಲ್ಲೋ ಮಾವನ ಹೆಸರಿನಲ್ಲೋ ಇರುವ ಮನೆಯಲ್ಲಿ ಅಷ್ಟು ಹಣವನ್ನು ಅವಳು ಎಲ್ಲಿಂದ ತರಬೇಕಿತ್ತು?

2025ರ ಕೇಂದ್ರ ಬಜೆಟ್ ಮೊದಲ ಬಾರಿಗೆ ಉದ್ಯಮಕ್ಕಿಳಿಯುವ 5 ಲಕ್ಷ ಮಹಿಳೆ, ಪರಿಶಿಷ್ಟ ಜಾತಿ, ಪಂಗಡದವರಿಗೆ 2 ಕೋಟಿವರೆಗೆ ಸಾಲದ ಹೊಸ ಯೋಜನೆ ಘೋಷಿಸಿತು. ಅದರ ಗುರಿಯನ್ನು ಜಿಲ್ಲೆಯ ಜನಸಂಖ್ಯೆಗೆ ತಕ್ಕಂತೆ ಹಂಚಬೇಕು, ಸಂಘದ ಮರುಪಾವತಿ ಪುಸ್ತಕವನ್ನು ಸಾಲದ ಅರ್ಹತೆಯೆಂದು ಒಪ್ಪಬೇಕು, 3 ಲಕ್ಷದಿಂದಲೇ ಸಾಲ ಆರಂಭಿಸಬೇಕು.