ಪಹಣಿಯ ಆಚೆಗಿನ ವರ್ಗ: ಕಾಕನಕೋಟೆ ಸೀಮೆಯಲ್ಲಿ ಅಸಮಾನತೆಯ ರಚನೆ

ಸಾರಾಂಶ

ಕರ್ನಾಟಕದ ಗ್ರಾಮೀಣ ವರ್ಗರಚನೆಯನ್ನು ಭೂಮಾಲೀಕ, ಗೇಣಿದಾರ, ಕೂಲಿಕಾರ ಎಂಬ ಮೂರು ಮೆಟ್ಟಿಲುಗಳಲ್ಲಿ ಓದುವುದು ರೂಢಿ. ಕಾಡಂಚಿನ ಸೀಮೆಗೆ ಈ ಓದು ಸಾಲದು ಎಂಬುದು ಪ್ರಸ್ತುತ ಲೇಖನದ ವಾದ. 1970ರ ದಶಕದಲ್ಲಿ ಕಾಕನಕೋಟೆ ಸೀಮೆಯ, ಅಂದರೆ ಮೈಸೂರು ಜಿಲ್ಲೆಯ ಹುಣಸೂರು ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಭೂಸುಧಾರಣೆಯೂ ವನ್ಯಜೀವಿ ಸಂರಕ್ಷಣೆಯೂ ಜೊತೆಜೊತೆಗೇ ಜಾರಿಗೆ ಬಂದವು. ಇವೆರಡನ್ನು ಒಟ್ಟಿಗೆ ಇಟ್ಟು ನೋಡಿದಾಗ, ಒಂದು ಕುಟುಂಬದ ವರ್ಗಸ್ಥಾನವನ್ನು ನಿರ್ಧರಿಸಿದ್ದು ನೆಲದೊಡನೆ ಅದಕ್ಕಿದ್ದ ಸಂಬಂಧವಷ್ಟೇ ಅಲ್ಲ, ಆ ಸಂಬಂಧಕ್ಕೆ ಸರ್ಕಾರಿ ದಾಖಲೆಯಲ್ಲಿ ಜಾಗ ಸಿಕ್ಕಿತೇ ಎಂಬುದೂ ಹೌದು ಎಂದು ತಿಳಿಯುತ್ತದೆ.

1. ಊರನ್ನು ಕಂಡ ಸಿದ್ಧಾಂತ, ಹಾಡಿಯನ್ನು ಕಾಣದ ಸಿದ್ಧಾಂತ

ಮೈಸೂರು ಸೀಮೆಯ ಸಮಾಜಶಾಸ್ತ್ರೀಯ ಚರ್ಚೆ ಎಂ. ಎನ್. ಶ್ರೀನಿವಾಸರ ‘ಪ್ರಬಲ ಜಾತಿ’ಯ ಪರಿಕಲ್ಪನೆಯನ್ನು ಬಿಟ್ಟು ಮುಂದೆ ಹೋಗದು. 1948ರಲ್ಲಿ ಕೊಡಗಹಳ್ಳಿಯಲ್ಲಿ ಕ್ಷೇತ್ರಕಾರ್ಯ ನಡೆಸಿ, ಆ ಊರನ್ನು ‘ರಾಂಪುರ’ ಎಂದು ಕರೆದ ಅವರು 1959ರ ಪ್ರಬಂಧದಲ್ಲಿ ಪ್ರಾಬಲ್ಯದ ಆಧಾರಗಳನ್ನು ವಿವರಿಸಿದರು. ಜನಸಂಖ್ಯೆ, ಭೂಮಿ, ಆಚರಣೆಯ ಶ್ರೇಣಿಯಲ್ಲಿನ ಸ್ಥಾನ, ಶಿಕ್ಷಣ ಮತ್ತು ಹೊಸ ಉದ್ಯೋಗಗಳು ಅವುಗಳಲ್ಲಿ ಮುಖ್ಯ. ಒಕ್ಕಲಿಗ ಯಜಮಾನ, ಅವನ ಹೊಲದಲ್ಲಿ ದುಡಿಯುವವರು, ಕಣದಲ್ಲಿ ಆಯ ಪಡೆಯುವ ಕಸುಬುದಾರರು ಇರುವ ಊರಿಗೆ ಈ ಚೌಕಟ್ಟು ಚೆನ್ನಾಗಿ ಹೊಂದುತ್ತದೆ.

ಕಾಕನಕೋಟೆ ಕಾಡಿನ ಜೇನುಕುರುಬ, ಬೆಟ್ಟಕುರುಬ, ಯರವರ ಹಾಡಿಗಳು (ಆದಿವಾಸಿ ವಸತಿಗಳು) ಇಂಥ ಊರಿನ ಕೇರಿಗಳಾಗಿರಲಿಲ್ಲ. ಅವರ ಎದುರಿಗಿದ್ದ ಯಜಮಾನಿಕೆ ಒಂದು ಜಾತಿಯದಲ್ಲ, ಅರಣ್ಯ ಇಲಾಖೆಯದು. ಅಂಬೇಡ್ಕರ್ ವಿವರಿಸಿದ ಶ್ರೇಣೀಕೃತ ಅಸಮಾನತೆಯಲ್ಲಿ ಗುಂಪುಗಳು ಒಂದರ ಕೆಳಗೊಂದು ಏಣಿಯಂತೆ ನಿಲ್ಲುತ್ತವೆ. ಹಾಡಿಯವರನ್ನು ಈ ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಲ್ಲಿಸಿ ಸುಮ್ಮನಾಗುವುದು ಸುಲಭ. ಆದರೆ ಅವರು ಏಣಿಯ ಹೊರಗಿನಿಂದ ಅದರ ಬುಡಕ್ಕೆ ಬಂದದ್ದು ಹೇಗೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಇಲ್ಲಿ ನೆರವಿಗೆ ಬರುವುದು 1842ರ ಮಾರ್ಕ್ಸ್. ರೈನ್ ಪ್ರಾಂತ್ಯದ ಬಡವರು ಕಾಡಿನಲ್ಲಿ ಒಣಪುಳ್ಳೆ ಆರಿಸುವುದನ್ನು ಕಳ್ಳತನವೆಂದು ಘೋಷಿಸುವ ಮಸೂದೆಯ ಬಗ್ಗೆ ಬರೆದಾಗ, ವಾಡಿಕೆಯ ಹಕ್ಕನ್ನು ಅಪರಾಧವಾಗಿಸಿಯೇ ಖಾಸಗಿ ಸ್ವತ್ತು ಗಟ್ಟಿಯಾಗುವುದನ್ನು ಅವರು ಗುರುತಿಸಿದ್ದರು.

2. ಒಂದೇ ದಶಕ, ಎರಡು ಅರ್ಜಿ

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರ ಫಾರಂ ನಂ. 7 ತುಂಬಿ ಭೂನ್ಯಾಯಮಂಡಳಿಗೆ ಕೊಡಬೇಕಿತ್ತು. ಪಹಣಿಯ ಸಾಗುವಳಿ ಕಾಲಂ, ಗೇಣಿ ರಸೀದಿ, ಅಕ್ಕಪಕ್ಕದ ಹೊಲದವರ ಸಾಕ್ಷಿ ಅವನ ಬೆಂಬಲಕ್ಕಿದ್ದವು. ಒಡೆಯನೊಬ್ಬನಿದ್ದಾನೆ, ಅವನಿಗೆ ಗೇಣಿ ಸಲ್ಲುತ್ತಿದೆ ಎಂಬುದೇ ಹಕ್ಕಿಗೆ ಬುನಾದಿ. ಒಡೆಯನೇ ಇಲ್ಲದ ಕಾಡಿನಲ್ಲಿ ಗೆಡ್ಡೆಗೆಣಸು ಅಗೆದು, ಜೇನು ಇಳಿಸಿ, ಕುಮರಿ ಬೇಸಾಯ ಮಾಡಿಕೊಂಡು ಬಂದವರಿಗೆ ಆ ಫಾರಂನಲ್ಲಿ ತುಂಬುವುದಕ್ಕೆ ಏನೂ ಇರಲಿಲ್ಲ.

ಎರಡನೆಯ ಅರ್ಜಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯದು. ರಕ್ಷಿತ ಪ್ರದೇಶದಲ್ಲಿ ಹಕ್ಕು ಇದೆಯೆನ್ನುವವರು, ಘೋಷಣೆ ಹೊರಟ ಎರಡು ತಿಂಗಳೊಳಗೆ ನಿಗದಿತ ನಮೂನೆಯಲ್ಲಿ ಲಿಖಿತ ಹಕ್ಕೊತ್ತಾಯ ಸಲ್ಲಿಸಬೇಕೆಂದು ಅದು ವಿಧಿಸಿತು. 1955ರಲ್ಲಿ ಅಭಯಾರಣ್ಯವಾಗಿದ್ದ ನಾಗರಹೊಳೆ ಮುಂದೆ ಕಾಕನಕೋಟೆ ಕಡೆಯ ಕಾಡನ್ನೂ ಒಳಗೊಂಡು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಈ ನಡುವೆ 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದು, ಹೊಳೆದಂಡೆಯ ಊರುಗಳೂ ಕಾಡೂ ಮುಳುಗಿದವು. ಪಟ್ಟೆಯಿದ್ದವರಿಗೆ ಪರಿಹಾರ ಕೇಳಲು ಆಧಾರವಾದರೂ ಇತ್ತು, ಪಟ್ಟೆಯಿಲ್ಲದ ಹಾಡಿಯವರಿಗೆ ಅದೂ ಇರಲಿಲ್ಲ.

ಗೇಣಿದಾರನನ್ನು ಒಡೆಯನಾಗಿಸಿದ ದಶಕವೇ ಅದೇ ತಾಲ್ಲೂಕಿನ ಆದಿವಾಸಿಯನ್ನು ಒತ್ತುವರಿದಾರನಾಗಿಸಿತು. ಇವನ್ನು ಪ್ರಗತಿ ಮತ್ತು ಅದರ ಲೋಪ ಎಂದು ಬೇರೆಬೇರೆಯಾಗಿ ನೋಡುವುದು ಸರಿಯಲ್ಲ. ಬರಹದಲ್ಲಿರುವ ಸಂಬಂಧಕ್ಕೆ ಮಾತ್ರ ಹಕ್ಕು ಎಂಬ ಒಂದೇ ತತ್ವ ಎರಡೂ ಕಡೆ ಕೆಲಸ ಮಾಡಿದೆ.

3. ಕೂಲಿಯ ಹಳೆಯ ರೂಪ, ಹೊಸ ರೂಪ

ಕಾಡಿನ ಬದುಕು 1970ರ ದಶಕಕ್ಕೂ ಮುನ್ನ ಕೂಲಿಯಿಂದ ಮುಕ್ತವಾಗಿತ್ತು ಎಂದು ಭಾವಿಸಬಾರದು. ಕಾಡಾನೆಗಳನ್ನು ಸೆರೆಹಿಡಿಯುವ ಕಾಕನಕೋಟೆಯ ಖೆಡ್ಡಾಗಳಲ್ಲಿ ಆನೆಯ ಜಾಡು ಹಿಡಿದು ಹಿಂಡನ್ನು ಅಟ್ಟಿದವರಲ್ಲಿ ಕುರುಬರಿದ್ದರು. ಅದನ್ನು ತೋರಿಸಿ ಅತಿಥಿಗಳ ಮುಂದೆ ಮೆರೆದದ್ದು ಮೈಸೂರು ಅರಮನೆ. ತೇಗದ ನೆಡುತೋಪು, ಮರ ಕಡಿತ, ಆನೆ ಶಿಬಿರಗಳ ಮಾವುತ ಮತ್ತು ಕಾವಾಡಿ ಕೆಲಸಕ್ಕೂ ಹಾಡಿಯವರೇ ಬೇಕಾಗಿದ್ದರು. ಆದರೆ ಆಗ ಕೂಲಿ ಬದುಕಿನ ಒಂದು ಭಾಗವಷ್ಟೆ. ಉಳಿದದ್ದನ್ನು ಕಾಡು ತುಂಬುತ್ತಿತ್ತು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮುಂದೆ ಸಂರಕ್ಷಣೆ ಬಿಗಿಯಾದಂತೆ ಇಲಾಖೆಯ ಕೂಲಿಯೂ ಕಾಡಿನ ಉತ್ಪನ್ನವೂ ಒಟ್ಟಿಗೆ ಕುಗ್ಗಿ, ಕೊಡಗಿನ ಕಾಫಿ ತೋಟದ ಲೈನ್‌ಮನೆಯೇ ಹಲವರ ದಾರಿಯಾಯಿತು.

ಬಯಲಿನ ಕಡೆ ಮತ್ತೊಂದು ವರ್ಗ ಬೆಳೆಯುತ್ತಿತ್ತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕೆಮ್ಮಣ್ಣಿನಲ್ಲಿ ಮಳೆಯಾಶ್ರಿತ ವರ್ಜೀನಿಯಾ ಹೊಗೆಸೊಪ್ಪು ಹಬ್ಬಿತು. 1975ರ ತಂಬಾಕು ಮಂಡಳಿ ಕಾಯ್ದೆಯಡಿ ನೋಂದಾಯಿತ ಬೆಳೆಗಾರನಿಗೆ ಹರಾಜು ಕಟ್ಟೆಯ ಬಾಗಿಲು ತೆರೆಯಿತು. ನೋಂದಣಿಗೆ ಜಮೀನು ಬೇಕು, ಎಲೆ ಹದಮಾಡಲು ಬ್ಯಾರನ್ ಬೇಕು, ಬ್ಯಾರನ್ನಿಗೆ ಸೌದೆ ಬೇಕು, ಸಾಲವೂ ಬೇಕು. ಉಳ್ಳವರು ಅವಕಾಶದ ಸುತ್ತ ಬೇಲಿ ಕಟ್ಟುವುದನ್ನು ವೆಬರ್ ‘ಸಾಮಾಜಿಕ ಮುಚ್ಚುವಿಕೆ’ ಎಂದು ವಿವರಿಸಿದ್ದು ಇಲ್ಲಿಗೆ ಅಕ್ಷರಶಃ ಹೊಂದುತ್ತದೆ. ಭೂಸುಧಾರಣೆಯಲ್ಲಿ ಪಟ್ಟೆ ಪಡೆದವನಿಗೆ ಈ ಬೇಲಿ ದಾಟುವ ಸಾಧ್ಯತೆಯಿತ್ತು. ಹಾಡಿಯವನು ಎಲೆ ಮುರಿಯುವ ಕೂಲಿಯಾಗಿ ಮಾತ್ರ ಒಳಗೆ ಬರಬಹುದಿತ್ತು.

4. ಹಕ್ಕುಪತ್ರ ಬಂದ ಮೇಲೆ

ಹೈಕೋರ್ಟ್ ನಿರ್ದೇಶನದಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರ ವರದಿಯಲ್ಲಿ, ನಾಗರಹೊಳೆ ಮೊದಲಾದ ಕಾಡುಗಳಿಂದ ಹೊರಬಿದ್ದ 3,418 ಕುಟುಂಬಗಳನ್ನು ಗುರುತಿಸಿತು. ದಾಖಲೆಯಲ್ಲಿ ಇಲ್ಲದವರನ್ನು ದಾಖಲೆಗೆ ತರುವ ಈ ಕೆಲಸಕ್ಕೆ 2006ರ ಅರಣ್ಯ ಹಕ್ಕು ಕಾಯ್ದೆ ಮೊದಲೇ ದಾರಿ ತೆರೆದಿತ್ತು. 2005ರ ಡಿಸೆಂಬರ್ 13ರ ಮೊದಲಿನ ಅನುಭೋಗವೇ ಅದಕ್ಕೆ ಆಧಾರ. ಬರಹಕ್ಕಿಳಿಸಿದ ಹಿರಿಯರ ಹೇಳಿಕೆಯೂ ಪುರಾವೆ. ಹಕ್ಕುಪತ್ರ ಗಂಡಹೆಂಡತಿ ಇಬ್ಬರ ಹೆಸರಿಗೆ. ಹೀಗೆ ಪುರಾವೆಯ ಸ್ವರೂಪವನ್ನೇ ಬದಲಿಸಿದ್ದು ಈ ಕಾಯ್ದೆಯ ಸಮಾಜಶಾಸ್ತ್ರೀಯ ಮಹತ್ವ.

ಆದರೆ ವೈಯಕ್ತಿಕ ಹಕ್ಕಿಗೆ 4 ಹೆಕ್ಟೇರಿನ ಮಿತಿಯಿದೆ. ಆ ಜಮೀನನ್ನು ಮಾರುವಂತಿಲ್ಲ, ವಂಶಪಾರಂಪರ್ಯವಾಗಿ ಅನುಭವಿಸಬಹುದು. ಈ ನಿರ್ಬಂಧ ನೆಲ ಕೈತಪ್ಪದಂತೆ ಕಾಯುತ್ತದೆ. ಜೊತೆಗೆ, ಬಯಲಿನ ರೈತನಂತೆ ಜಮೀನನ್ನು ಸಾಲಕ್ಕೆ ಆಧಾರವಾಗಿಡುವ ದಾರಿಯನ್ನೂ ಕಿರಿದಾಗಿಸುತ್ತದೆ. ಎತ್ತು, ಬೀಜ, ಬಂಡವಾಳ ಇಲ್ಲದ ಹಕ್ಕುದಾರ ಒಳಗುತ್ತಿಗೆಗೆ ಕೊಟ್ಟು ತನ್ನ ಹೊಲದಲ್ಲೇ ಕೂಲಿ ಮಾಡುವ ಸಂಭವವನ್ನು ಕಾಗದವೊಂದೇ ತಡೆಯಲಾರದು. ಸಮುದಾಯ ಅರಣ್ಯ ಹಕ್ಕಿನ ತರ್ಕವೇ ಬೇರೆ. ಜೇನು, ಸೀಗೆ, ನೆಲ್ಲಿಕಾಯಿಗಳ ಸಂಗ್ರಹ ಮತ್ತು ನಿರ್ವಹಣೆಯ ಅಧಿಕಾರ ಗ್ರಾಮಸಭೆಗೆ ಸೇರಿದಾಗ, ಕೂಲಿಯ ಜೊತೆಗೆ ಕಾಡು ತುಂಬುತ್ತಿದ್ದ ಬದುಕಿನ ಆ ಹಳೆಯ ಭಾಗ ಮರಳುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಮೀಸಲು ಪ್ರದೇಶದೊಳಗೇ ಇಂಥ ಹಕ್ಕು ಪಡೆದರು.

5. ಉಪಸಂಹಾರ

ಕಾಕನಕೋಟೆಯ ಉದಾಹರಣೆಯಿಂದ ಎರಡು ನಿಲುವುಗಳು ಮೂಡುತ್ತವೆ. ಮೊದಲನೆಯದು, ವರ್ಗಸ್ಥಾನವನ್ನು ಎಕರೆಯಲ್ಲಿ ಅಳೆಯುವ ಮುನ್ನ ಆ ಎಕರೆ ಯಾವ ಇಲಾಖೆಯ ಪುಸ್ತಕದಲ್ಲಿದೆ ಎಂದು ಕೇಳಬೇಕು. ಕಂದಾಯದ ಐದು ಎಕರೆಯೂ ಅರಣ್ಯದ ಐದು ಎಕರೆಯೂ ಒಂದೇ ವರ್ಗವನ್ನು ಹುಟ್ಟಿಸುವುದಿಲ್ಲ. ಎರಡನೆಯದು, ಜಾತಿ ಪ್ರಾಬಲ್ಯದ ಅಧ್ಯಯನಕ್ಕೆ ಸರ್ಕಾರವೇ ಭೂಮಾಲೀಕನಾಗಿರುವ ಪ್ರದೇಶಗಳ ಅಧ್ಯಯನ ಸೇರಿದಾಗಲೇ ಮೈಸೂರು ಸೀಮೆಯ ಸಮಾಜರಚನೆ ಪೂರ್ಣವಾಗಿ ಕಾಣುತ್ತದೆ. ಈ ನಿಲುವುಗಳನ್ನು ಪರೀಕ್ಷಿಸಲು ಮೂರು ಬಗೆಯ ಹಾಡಿಗಳನ್ನು ಹೋಲಿಸಬಹುದು: ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ನೆಲೆ, ವೈಯಕ್ತಿಕ ಹಕ್ಕುಪತ್ರ ಮಾತ್ರ ಪಡೆದ ಹಾಡಿ, ಸಮುದಾಯ ಹಕ್ಕು ಪಡೆದ ಹಾಡಿ. ಹೊರಗೆ ಕೂಲಿಗೆ ಹೋಗುವ ದಿನಗಳು ಮೂರನೆಯ ಬಗೆಯಲ್ಲಿ ಕಡಿಮೆಯಿದ್ದರೆ ಈ ಲೇಖನದ ವಾದ ಗಟ್ಟಿಯಾಗುತ್ತದೆ. ಅಂಥ ವ್ಯತ್ಯಾಸ ಕಾಣದಿದ್ದರೆ, ದಾಖಲೆಗಿಂತ ಬಂಡವಾಳದ ಕೊರತೆಯೇ ನಿರ್ಣಾಯಕವೆಂದು ಒಪ್ಪಬೇಕಾಗುತ್ತದೆ.